ಗಣಿ ಡಂಪ್ ಮೇಲೆ ಸಸಿ ನಿಲ್ಲುತ್ತಿಲ್ಲವೇ? ಮೊದಲು ಬೇರು ಅಗೆದು ನೋಡಿ

ಸಂಡೂರು ಕಡೆಯ ಒಂದು ಕಬ್ಬಿಣದ ಅದಿರಿನ ಮೈನ್ಸ್. ಅಲ್ಲಿನ ವೇಸ್ಟ್ ಡಂಪ್ (ಅದಿರು ತೆಗೆದು ಉಳಿದ ಕಲ್ಲುಮಣ್ಣು ಸುರಿದ ಗುಡ್ಡೆ) ಮೇಲೆ ಮಳೆಗಾಲದಲ್ಲಿ ಸಸಿ ನೆಟ್ಟೆವು. ಹೊಂಗೆ, ಬೇವು, ಕಮರ. ದೀಪಾವಳಿವರೆಗೂ ಚೆನ್ನಾಗಿದ್ದವು. ಸಂಕ್ರಾಂತಿ ಹೊತ್ತಿಗೆ ಎಲೆ ಹಳದಿಯಾಯಿತು. ಯುಗಾದಿಗೆ ಬರೀ ಕಡ್ಡಿ ಉಳಿಯಿತು. ನೋಡಿದವರೆಲ್ಲ ಒಂದೇ ಮಾತು ಹೇಳಿದರು: "ಮಣ್ಣಲ್ಲಿ ಕಬ್ಬಿಣ ಜಾಸ್ತಿ, ಅದಕ್ಕೇ ಸತ್ತಿವೆ. ಸುಣ್ಣ ಹಾಕಿ." ನಾವೂ ನಂಬಿದೆವು. ಮರುವರ್ಷ ಗುಂಡಿಗುಂಡಿಗೂ ಸುಣ್ಣ ಹಾಕಿ ಮತ್ತೆ ನೆಟ್ಟೆವು. ಆ ಸಲ ಸಸಿಗಳು ದಸರಾ ಹೊತ್ತಿಗೇ ಹಳದಿಯಾದವು.

ನರ್ಸರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಹಿರಿಯ ಅಕ್ಕ ಒಬ್ಬರು ಅವತ್ತು ಜೊತೆಗೆ ಬಂದಿದ್ದರು. "ಎಲೆ ನೋಡ್ಕೊಂತ ಯಾಕ ನಿಂತೀಯಣ್ಣ, ಒಂದು ಗಿಡ ಅಗದು ಬೇರು ನೋಡು" ಅಂದರು. ಹಾರೆ ಹಾಕಿ ಅಗೆದೆವು. ಬೇರು ಒಂದೂವರೆ ಅಡಿ ಇಳಿದಿತ್ತು. ಅಲ್ಲಿ ಗುಂಡಿಯ ತಳ ಮುಟ್ಟಿ ಅಡ್ಡಕ್ಕೆ ತಿರುಗಿ, ಗುಂಡಿಯ ಗೋಡೆಯನ್ನೇ ಸುತ್ತಿಕೊಂಡು ನಿಂತುಬಿಟ್ಟಿತ್ತು. ಆ ಡಂಪಿನ ನೆತ್ತಿ ಮೇಲೆ ವರ್ಷಾನುಗಟ್ಟಲೆ ಟಿಪ್ಪರ್ ಓಡಾಡಿತ್ತು. ನೆಲ ರಸ್ತೆಯ ಹಾಗೆ ಒತ್ತಿಕೊಂಡಿತ್ತು. ನಾವು ಬೆಟ್ಟದ ಮೇಲೆ ಕಲ್ಲಿನ ಕುಂಡ ಕೊರೆದು ಅದರಲ್ಲಿ ಸಸಿ ಇಟ್ಟಿದ್ದೆವು, ಅಷ್ಟೇ. ಕುಂಡದ ನೀರು ಮುಗಿದ ದಿನ ಗಿಡವೂ ಮುಗಿಯಿತು.

ಎರಡು ವರ್ಷದ ಕೆಲಸ, ಅಷ್ಟೂ ಕೂಲಿ, ಅಷ್ಟೂ ಸಸಿ ಹೋಯಿತು. ಬೇರೆಯವರಿಗೆ ಹೀಗಾಗಬಾರದು ಅಂತ, ಆಮೇಲೆ ನಾವು ಕಾರಣ ಹುಡುಕುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಮತ್ತೆ ಶುರು ಮಾಡಬೇಕಾದರೆ ಪ್ರತಿ ಗಣಿಯೂ ಭೂಮಿ ಸರಿಪಡಿಸುವ ಯೋಜನೆ ಜಾರಿ ಮಾಡಬೇಕು ಅಂತಾಯಿತು. ಅದರಿಂದ ಡಂಪ್ ಮೇಲೆ ಸಸಿ ನೆಡುವ ಕೆಲಸ ಈ ಭಾಗದಲ್ಲಿ ತುಂಬಾ ನಡೆದಿದೆ. ನೆಟ್ಟ ಸಸಿಯ ಲೆಕ್ಕ ಎಲ್ಲರ ಹತ್ತಿರವೂ ಇರುತ್ತದೆ. ಸತ್ತ ಸಸಿಯ ಕಾರಣ ಬರೆದಿಟ್ಟವರು ಕಡಿಮೆ.

ಯಾವಾಗ ಸತ್ತಿತು, ಎಲ್ಲಿ ಸತ್ತಿತು

ಅಗೆಯುವ ಮೊದಲು ಈ ಎರಡು ಪ್ರಶ್ನೆ ಕೇಳಿಕೊಳ್ಳಿ. ನೆಟ್ಟ ಎರಡು ವಾರದೊಳಗೆ ಬಾಡಿದ್ದರೆ ಡಂಪನ್ನು ಬೈಯಬೇಡಿ. ಸಾಗಿಸುವಾಗ ಬೇರಿನ ಮಣ್ಣುಂಡೆ ಒಡೆದಿರುತ್ತದೆ, ಇಲ್ಲಾ ಒಣ ಗುಂಡಿಯಲ್ಲಿ ನೆಟ್ಟಿರುತ್ತೀರಿ. ಒಂದು ಜೋರು ಮಳೆ ಆದ ಮೇಲೆ ಇಳಿಜಾರಿನ ಸಸಿಗಳು ಮಾತ್ರ ಹೋಗಿದ್ದರೆ ಅದು ಕೊರಕಲಿನ ಕೆಲಸ. ಮಣ್ಣು ಜಾರಿ ಬೇರು ಬಯಲಾಗಿರುತ್ತದೆ, ಅಥವಾ ಕೆಳಗಿನವು ಹೂಳಿನಲ್ಲಿ ಮುಚ್ಚಿಹೋಗಿರುತ್ತವೆ. ಟಿಪ್ಪರ್ ಸುರಿದ ಹಾಗೇ ಬಿಟ್ಟ ಇಳಿಜಾರಿನಲ್ಲಿ ಯಾವ ಗಿಡವೂ ನಿಲ್ಲುವುದಿಲ್ಲ. ಡಂಪಿನ ಒಟ್ಟು ಇಳಿಜಾರು 28 ಡಿಗ್ರಿಯೊಳಗೆ ಇರಬೇಕು ಅನ್ನುವ ಷರತ್ತು ಸುಮ್ನೆ ಹಾಕಿದ್ದಲ್ಲ. ಮೆಟ್ಟಿಲಿನ ಹಾಗೆ ಬೆಂಚ್ ಕತ್ತರಿಸಿ, ತೆಂಗಿನ ನಾರಿನ ಚಾಪೆ ಹಾಸಿ, ಬುಡದಲ್ಲಿ ಕಲ್ಲಿನ ಗೋಡೆ ಮತ್ತು ಕಾಲುವೆ ಮಾಡಿದ ಮೇಲೆಯೇ ಸಸಿಯ ಮಾತು.

ಜನವರಿಯಿಂದ ಏಪ್ರಿಲ್ ನಡುವೆ, ಎಲ್ಲಾ ಕಡೆ ಒಂದೇ ಸಮ ಸತ್ತಿದ್ದರೆ ನೀರು ಮತ್ತು ಗಟ್ಟಿ ನೆಲದ ಮೇಲೆ ಮೊದಲ ಅನುಮಾನ. ಸಾಯದೆ, ಬೆಳೆಯದೆ, ಗೇಣುದ್ದವೇ ಉಳಿದಿದ್ದರೆ ಪೋಷಕಾಂಶದ ಕೊರತೆ.

ಇನ್ನು ತೇಪೆ ತೇಪೆಯಾಗಿ ಸತ್ತಿದ್ದರೆ ಆಗ ಹುಷಾರಾಗಿ. ಒಂದು ಗೆರೆ ಎಳೆದ ಹಾಗೆ ಈ ಕಡೆ ಹಸಿರು, ಆ ಕಡೆ ಬೋಳು. ಬೋಳು ಜಾಗದಲ್ಲಿ ಬಿಳಿ ಅಥವಾ ಹಳದಿ ಪೊರೆ ಕಟ್ಟಿದೆ. ಎಕ್ಕ, ತಂಗಡಿ, ಬಳ್ಳಾರಿ ಜಾಲಿ ಕೂಡ ತಾವಾಗಿ ಹುಟ್ಟಿಲ್ಲ. ಹೀಗಿದ್ದರೆ ಅದು ರಾಸಾಯನಿಕ ತೊಂದರೆ: ಹುಳಿ, ಉಪ್ಪು ಅಥವಾ ಲೋಹ. ಬಳ್ಳಾರಿ ಜಾಲಿ ತಾನಾಗಿ ಹುಟ್ಟಿ ಬೆಳೆದ ಜಾಗದಲ್ಲಿ ನಿಮ್ಮ ಬೇವು ಸತ್ತರೆ ಅದು ವಿಷದಿಂದ ಸತ್ತಿರುವ ಸಂಭವ ಕಡಿಮೆ.

ಬೇರು ಏನು ತೋರಿಸುತ್ತದೆ

ಸತ್ತ ಗಿಡ ಬೇಡ, ಸಾಯುತ್ತಿರುವ ಗಿಡ ಬೇಕು. ಪಕ್ಕದಲ್ಲಿ ಚೆನ್ನಾಗಿರುವ ಗಿಡವೊಂದನ್ನೂ ಅಗೆಯಿರಿ. ಒಂದು ಗಿಡ ಹೋಗುತ್ತದಲ್ಲಾ ಅಂತ ಹಿಂಜರಿಯಬೇಡಿ. ಬುಡದಿಂದ ಒಂದು ಅಡಿ ದೂರದಲ್ಲಿ ಗುಂಡಿ ತೋಡಿ, ಪಕ್ಕದಿಂದ ಮಣ್ಣು ಬಿಡಿಸುತ್ತಾ ಬನ್ನಿ. ಹಿಡಿದು ಎಳೆದರೆ ತುದಿ ಬೇರು ಹರಿಯುತ್ತದೆ. ನೋಡಬೇಕಾದದ್ದೇ ಆ ತುದಿ.

ಬೇರು ಪ್ಯಾಕೆಟ್ಟಿನ ಆಕಾರದಲ್ಲೇ ಸುರುಳಿ ಸುತ್ತಿದ್ದರೆ ತಪ್ಪು ನರ್ಸರಿಯದು. ಸಸಿ ಪಾಲಿಥೀನ್ ಚೀಲದಲ್ಲಿ ಜಾಸ್ತಿ ದಿನ ಇತ್ತು. ಗುಂಡಿಯ ತಳದಲ್ಲಿ ಅಡ್ಡ ತಿರುಗಿದ್ದರೆ ನೆಲ ಗಟ್ಟಿ. ಬೇರು ಕಪ್ಪಾಗಿ, ಹಿಸುಕಿದರೆ ಸಿಪ್ಪೆ ಕಳಚಿ, ಕೊಳೆತ ವಾಸನೆ ಬಂದರೆ ನೀರು ನಿಂತಿದೆ. ಬೇರು ಚೆನ್ನಾಗಿದ್ದು, ನೆಲಮಟ್ಟದಲ್ಲಿ ಕಾಂಡದ ಸುತ್ತ ಸುಟ್ಟ ಉಂಗುರದಂಥ ಗಾಯ ಇದ್ದರೆ ಅದು ಬಿಸಿಲಿನ ಪೆಟ್ಟು. ಬಳ್ಳಾರಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಆದರೆ ಅದು ನೆರಳಿನ ಲೆಕ್ಕ. ಬೋಳು ಡಂಪಿನ ಕೆಂಗಪ್ಪು ಮೈ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಎಳೆ ಕಾಂಡ ಅಲ್ಲೇ ಬೇಯುತ್ತದೆ. ಬುಡಕ್ಕೆ ಒಣಹುಲ್ಲು ಇಲ್ಲವೇ ಜೋಳದ ದಂಟು ಹೊದಿಸಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಲೋಹದ ಪೆಟ್ಟು ಬಿದ್ದ ಬೇರು ಇವೆಲ್ಲಕ್ಕಿಂತ ಬೇರೆ ತರಹ ಕಾಣುತ್ತದೆ. ತುದಿಗಳು ಮೋಟಾಗಿ, ದಪ್ಪವಾಗಿ, ಕಂದಾಗಿರುತ್ತವೆ. ಕವಲು ಬೇರು, ಎಳೆ ಬೇರು ಇರುವುದೇ ಇಲ್ಲ. ಗುಂಡಿಗೆ ಹಾಕಿದ ಒಳ್ಳೆ ಮಣ್ಣಿನಲ್ಲಿ ಬೇರು ದಟ್ಟವಾಗಿ ಹಬ್ಬಿ, ಡಂಪಿನ ವಸ್ತು ಶುರುವಾದ ಕಡೆ ತುದಿ ಸುಟ್ಟ ಹಾಗೆ ನಿಂತಿರುತ್ತದೆ. ಆ ವಸ್ತು ಕೈಗೆ ಸಡಿಲವಾಗಿದ್ದೂ ಬೇರು ಒಳಗೆ ಹೋಗಿಲ್ಲ ಅಂದರೆ ಮಾತ್ರ ಲೋಹ ಅಥವಾ ಹುಳಿ ಅಂತ ಬರೆದುಕೊಳ್ಳಿ. ಗಟ್ಟಿಯಾಗಿದ್ದರೆ ಇನ್ನೂ ತೀರ್ಮಾನ ಬೇಡ.

ಗಟ್ಟಿ ನೆಲ

ಒಂದು ಹದ ಮಳೆ ಆದ ಮಾರನೇ ದಿನ ಬೆರಳು ದಪ್ಪದ ಕಬ್ಬಿಣದ ಸರಳು ತೆಗೆದುಕೊಂಡು ಹೋಗಿ. ಮೈಭಾರ ಹಾಕಿ ಒತ್ತಿ. ಒಂದು ಅಡಿಯೂ ಇಳಿಯದಿದ್ದರೆ ಬೇರೂ ಇಳಿಯುವುದಿಲ್ಲ. ಇನ್ನೊಂದು ಪರೀಕ್ಷೆ: ಸಸಿ ಗುಂಡಿ ತುಂಬ ನೀರು ಹಾಕಿ ಸಂಜೆ ಮನೆಗೆ ಹೋಗಿ. ಬೆಳಿಗ್ಗೆಯೂ ನೀರು ನಿಂತಿದ್ದರೆ ಆ ಗುಂಡಿ ಮಳೆಗಾಲದಲ್ಲಿ ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಒಣಗಿಸುತ್ತದೆ.

ಗುಂಡಿ ದೊಡ್ಡದು ಮಾಡಿದರೆ ಸಾಲದು. ಡೋಜರಿಗೆ ರಿಪ್ಪರ್ ಹಲ್ಲು ಹಾಕಿಸಿ, ಸಮಪಾತಳಿಯ ಗೆರೆಗೆ ಸರಿಯಾಗಿ (ಇಳಿಜಾರಿಗೆ ಅಡ್ಡವಾಗಿ, ಒಂದೇ ಎತ್ತರದಲ್ಲಿ), ಎರಡು ಅಡಿ ಆಳಕ್ಕೆ ನೆಲ ಸೀಳಿಸಬೇಕು. ಮೇ ತಿಂಗಳಲ್ಲಿ ಒಣಗಿದ್ದಾಗಲೇ ಮಾಡಿ, ಆಗ ನೆಲ ಒಡೆದು ಬಿರಿಯುತ್ತದೆ. ಹಸಿ ಇದ್ದಾಗ ಸೀಳಿದರೆ ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಗೆರೆ ಬೀಳುತ್ತದೆ, ಅಷ್ಟೇ. ಸೀಳಿದ ಮೇಲೆ ಆ ಜಾಗಕ್ಕೆ ಒಂದು ಟ್ರ್ಯಾಕ್ಟರ್ ಕೂಡ ಹತ್ತಬಾರದು. ನೀರಿನ ಟ್ಯಾಂಕರ್ ಕೂಡ. ಇದನ್ನು ಸೈಟಿನಲ್ಲಿ ಎಲ್ಲರಿಗೂ ಹೇಳಿ ಹೇಳಿ ಸಾಕಾಗುತ್ತದೆ, ಆದರೂ ಹೇಳಲೇಬೇಕು.

ಕಬ್ಬಿಣದ ಗುಡ್ಡದಲ್ಲಿ ಕಬ್ಬಿಣದ ಕೊರತೆ

ಇದು ನಮ್ಮನ್ನು ಹೆಚ್ಚು ದಾರಿ ತಪ್ಪಿಸಿದ ವಿಷಯ. ಸಂಡೂರಿನ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅದು ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಕರಗದ್ದನ್ನು ಬೇರು ಕುಡಿಯಲಾರದು. ಹಾಗಾಗಿ ಕೆಂಪು ಡಂಪಿನ ಮಣ್ಣಿನಲ್ಲಿ ಕಬ್ಬಿಣ ಎಷ್ಟೇ ಇದ್ದರೂ ಗಿಡಕ್ಕೆ ವಿಷವಾಗುವುದು ಅಪರೂಪ. ಸಂಡೂರು ಬೆಟ್ಟಗಳ ಸಹಜ ಕಾಡು ಅದೇ ಕೆಂಪು ಕಲ್ಲಿನ ಮೇಲೆ ಬೆಳೆದದ್ದು. ಕುಮಾರಸ್ವಾಮಿ ಬೆಟ್ಟದ ಕಡೆ ಮಳೆಗಾಲದಲ್ಲಿ ಹೋಗಿ ಬಂದವರಿಗೆ ಇದನ್ನು ಹೇಳಬೇಕಿಲ್ಲ.

ತೊಂದರೆ ಬರುವುದು ತದ್ವಿರುದ್ಧ ದಿಕ್ಕಿನಿಂದ. ಪಿಎಚ್ ಅಂದರೆ ಹುಳಿ, ಕ್ಷಾರದ ಅಳತೆ; ಏಳಕ್ಕಿಂತ ಕಡಿಮೆ ಇದ್ದರೆ ಹುಳಿ, ಜಾಸ್ತಿ ಇದ್ದರೆ ಕ್ಷಾರ. ಅದು ಏಳೂವರೆ, ಎಂಟು ದಾಟಿದರೆ ಕರಗುವ ಅಷ್ಟಿಷ್ಟು ಕಬ್ಬಿಣವೂ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿರುತ್ತದೆ. ನಮ್ಮ ಡಂಪಿನ ಪಿಎಚ್ ಮೊದಲೇ ಏಳರ ಮೇಲಿತ್ತು. ಅದರ ಮೇಲೆ ಪಿಎಚ್ ಇನ್ನೂ ಏರಿಸುವ ಸುಣ್ಣ ಸುರಿದಿದ್ದೆವು. ದಸರಾಕ್ಕೇ ಹಳದಿಯಾದದ್ದಕ್ಕೆ ಕಾರಣ ನಮ್ಮ ಕೈಯೇ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ. ಒಂದು ಗಿಡದ ಒಂದೇ ಕೊಂಬೆಗೆ ಸಂಜೆ ಹೊತ್ತು ಸಿಂಪಡಿಸಿ, ಆ ಕೊಂಬೆಗೆ ದಾರ ಕಟ್ಟಿ. ವಾರ ಹತ್ತು ದಿನದಲ್ಲಿ ಆ ಕೊಂಬೆ ಮಾತ್ರ ಹಸಿರಾದರೆ ಕಬ್ಬಿಣದ ಕೊರತೆಯೇ. ಇದು ಕಾರಣ ತಿಳಿಯುವ ಪರೀಕ್ಷೆ, ಡಂಪ್ ಪೂರ್ತಿ ಸಿಂಪಡಿಸುತ್ತಾ ಹೋಗುವ ಔಷಧಿ ಅಂತ ತಿಳಿಯಬೇಡಿ. ಗುಂಡಿಗೆ ತಿಪ್ಪೆಗೊಬ್ಬರ, ಕುರಿಗೊಬ್ಬರ ಸೇರಿದರೆ ಕಬ್ಬಿಣ ತಾನಾಗಿ ಸಿಗತೊಡಗುತ್ತದೆ.

ಎಲೆ ಹಳದಿಯಾಗದೆ ಕಡು ಹಸಿರಾಗಿ, ಅಂಚು ನೇರಳೆ ಬಣ್ಣಕ್ಕೆ ತಿರುಗಿ, ಗಿಡ ಕುಳ್ಳಾಗಿ ಉಳಿದರೆ ರಂಜಕ ಸಿಗುತ್ತಿಲ್ಲ. ಕಬ್ಬಿಣದ ಆಕ್ಸೈಡ್ ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹೊರಗಿನಿಂದ ಹಾಕಿದ ಗೊಬ್ಬರದ ರಂಜಕವೂ ಅದಕ್ಕೇ ಹೋಗಿ ಅಂಟುತ್ತದೆ. ಇಲ್ಲಿ ಬೇರಿನ ಜೊತೆ ಬದುಕುವ ಒಳ್ಳೆ ಶಿಲೀಂಧ್ರ ಬೇಕು. ಪಕ್ಕದ ಕಾಡಿನ ಕಮರ ಅಥವಾ ತಂಗಡಿ ಬುಡದಿಂದ ಒಂದು ಹಿಡಿ ಮೇಲ್ಮಣ್ಣು ತಂದು ನರ್ಸರಿ ಚೀಲಕ್ಕೇ ಸೇರಿಸಿದರೆ ಅದು ಬರುತ್ತದೆ. ಮೈನ್ಸಿನವರು ತೆಗೆದಿಟ್ಟ ಮೇಲ್ಮಣ್ಣಿನ ರಾಶಿ ಎತ್ತರವಾಗಿ ವರ್ಷಗಟ್ಟಲೆ ಬಿದ್ದಿದ್ದರೆ ಅದರ ಒಳಗಿನ ಜೀವ ಹೋಗಿರುತ್ತದೆ. ಆ ಮಣ್ಣನ್ನೇ ನೆಚ್ಚಿಕೊಳ್ಳಬೇಡಿ.

ಸಂಡೂರಿನಲ್ಲಿ ಮ್ಯಾಂಗನೀಸ್ ಗಣಿಗಳೂ ಇವೆ. ಆ ಡಂಪುಗಳಲ್ಲಿ ನೀರು ನಿಂತರೆ ಅಥವಾ ಮಣ್ಣು ಹುಳಿಯಾದರೆ ಮ್ಯಾಂಗನೀಸ್ ಕರಗಿ ನಿಜಕ್ಕೂ ವಿಷವಾಗುತ್ತದೆ. ಹಳೆ ಎಲೆಗಳ ಮೇಲೆ ಸಣ್ಣ ಕಂದು ಚುಕ್ಕೆ ಅದರ ಗುರುತು. ಮೊದಲು ನೀರು ಬಸಿದು ಹೋಗುವ ದಾರಿ ಮಾಡಿ.

ನಾಲ್ಕು ಕುಂಡದ ಪರೀಕ್ಷೆ

ಲ್ಯಾಬ್ ವರದಿ ಬರುವ ಮೊದಲೇ ಇದನ್ನು ಮಾಡಿ. ಖರ್ಚೇ ಇಲ್ಲ. ತಳದಲ್ಲಿ ತೂತು ಇರುವ ನಾಲ್ಕು ಕುಂಡ ತೆಗೆದುಕೊಳ್ಳಿ. ಮೊದಲನೆಯದಕ್ಕೆ ಡಂಪಿನ ವಸ್ತು ಮಾತ್ರ, ಪುಡಿ ಮಾಡಿ. ಎರಡನೆಯದಕ್ಕೆ ಅದೇ ವಸ್ತು ಮೂರು ಪಾಲು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಮೂರನೆಯದಕ್ಕೆ ಡಂಪಿನ ವಸ್ತುವಿಗೆ ಒಂದು ಚಿಟಿಕೆ ಸುಣ್ಣ. ನಾಲ್ಕನೆಯದಕ್ಕೆ ಹೊಲದ ಮಸಾರಿ ಮಣ್ಣು. ಪ್ರತಿಯೊಂದಕ್ಕೂ 20 ಹೆಸರುಕಾಳು ಹಾಕಿ, ಹದವಾಗಿ ನೀರು ಕೊಡುತ್ತಾ ಹೋಗಿ.

ಕಾಳು ಮೊಳೆತ ಕೂಡಲೇ ಖುಷಿಪಡಬೇಡಿ. ಮೊಳೆಯುವಷ್ಟು ಆಹಾರ ಕಾಳಿನೊಳಗೇ ಇರುತ್ತದೆ, ವಿಷದ ಮಣ್ಣಿನಲ್ಲೂ ಮೊಳೆಯುತ್ತದೆ. ಹತ್ತನೇ ದಿನ ಕುಂಡವನ್ನು ನೀರಿನಲ್ಲಿ ಮುಳುಗಿಸಿ, ಗಿಡಗಳನ್ನು ಮೆಲ್ಲಗೆ ಬಿಡಿಸಿ ಬೇರು ಅಳೆಯಿರಿ. ಒಂದನೇ ಕುಂಡದ ಬೇರು ನಾಲ್ಕನೆಯದರಷ್ಟೇ ಉದ್ದ ಇದ್ದರೆ ನಿಮ್ಮ ಡಂಪಿನ ವಸ್ತು ವಿಷವಲ್ಲ. ಗಟ್ಟಿ ನೆಲ, ನೀರು, ಬಿಸಿಲಿನ ಕಡೆ ವಾಪಸ್ ಹೋಗಿ. ಎರಡನೆಯದು ಮಾತ್ರ ಚೆನ್ನಾಗಿದ್ದರೆ ಹಸಿವು, ಇಲ್ಲಾ ಗೊಬ್ಬರ ಕಟ್ಟಿಹಾಕಬಲ್ಲಷ್ಟು ಸಣ್ಣ ಪ್ರಮಾಣದ ಲೋಹ. ಮೂರನೆಯದು ಚೆನ್ನಾಗಿದ್ದರೆ ಹುಳಿ ಮಣ್ಣು. ಮೂರರಲ್ಲೂ ಬೇರು ಮೋಟಾಗಿದ್ದರೆ ಉಪ್ಪು ಅಥವಾ ಜಾಸ್ತಿ ಲೋಹ. ಆಗ ಲ್ಯಾಬ್ ಬೇಕೇ ಬೇಕು.

ನಮ್ಮ ಒಂದನೇ ಕುಂಡದ ಬೇರು ನಾಲ್ಕನೆಯದಕ್ಕೆ ಸಮಸಮ ಬಂತು. ಆ ಬೇರುಗಳನ್ನು ಹಾಳೆ ಮೇಲೆ ಸಾಲಾಗಿ ಇಟ್ಟು ನೋಡಿದಾಗ ಸುಣ್ಣಕ್ಕೆ ಸುರಿದ ದುಡ್ಡು ನೆನಪಾಗಿ ಹೊಟ್ಟೆ ಉರಿಯಿತು.

ಬೂದು ಬಣ್ಣದ ತ್ಯಾಜ್ಯ ಇದ್ದರೆ ದಾರಿಯೇ ಬೇರೆ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕು ಚಿನ್ನದ ನಾಡು. ಹಟ್ಟಿ ಚಿನ್ನದ ಗಣಿ ಅಲ್ಲೇ ಇರುವುದು. ಚಿನ್ನದ ಗಣಿಯ ತ್ಯಾಜ್ಯ ಕಲ್ಲುಮಣ್ಣಿನ ಡಂಪ್ ಅಲ್ಲ, ಹಿಟ್ಟಿನ ಹಾಗೆ ಅರೆದ ಕಲ್ಲು. ಅದನ್ನು ಟೈಲಿಂಗ್ಸ್ ಅನ್ನುತ್ತಾರೆ. ಒಣಗಿದಾಗ ಮೇಲೆ ಹಪ್ಪಳದಂತೆ ಪೊರೆ ಕಟ್ಟುತ್ತದೆ, ಗಾಳಿಗೆ ಧೂಳಾಗಿ ಏಳುತ್ತದೆ, ನೀರು ಒಳಗಿಳಿಯಲು ಬಿಡುವುದಿಲ್ಲ.

ಇಂಥ ಅದಿರಿನಲ್ಲಿ ಚಿನ್ನದ ಜೊತೆ ಪೈರೈಟ್, ಆರ್ಸೆನೋಪೈರೈಟ್ ಎಂಬ ಗಂಧಕದ ಖನಿಜಗಳು ಇರುತ್ತವೆ. ಎರಡನೆಯದರಲ್ಲಿ ಆರ್ಸೆನಿಕ್ ಎಂಬ ವಿಷ ಇದೆ. ಸೈನೈಡ್ ಬಳಸಿ ಚಿನ್ನ ತೆಗೆಯುವಾಗ ಸುಣ್ಣ ಹಾಕಿ ಪಿಎಚ್ ಹತ್ತರ ಮೇಲೆ ಇಡುತ್ತಾರೆ, ಇಲ್ಲದಿದ್ದರೆ ವಿಷಾನಿಲ ಏಳುತ್ತದೆ. ಹಾಗಾಗಿ ಹೊಸ ಟೈಲಿಂಗ್ಸ್ ಕ್ಷಾರವಾಗಿರುತ್ತದೆ. ವರ್ಷಗಳು ಕಳೆದ ಹಾಗೆ ಗಾಳಿ, ನೀರು ತಗುಲಿ ಪೈರೈಟ್ ಗಂಧಕಾಮ್ಲವಾಗುತ್ತದೆ. ತಡೆಯುವಷ್ಟು ಸುಣ್ಣದ ಅಂಶ ಕಲ್ಲಿನಲ್ಲಿ ಇಲ್ಲದಿದ್ದರೆ ಪಿಎಚ್ ಕುಸಿಯುತ್ತದೆ. ಇವತ್ತು ಎಂಟು ತೋರಿಸಿದ ಜಾಗ ನಾಲ್ಕು ವರ್ಷದ ಮೇಲೆ ನಾಲ್ಕು ತೋರಿಸಬಹುದು. ಮೊದಲ ವರ್ಷ ಬಂದ ಹುಲ್ಲು ಮೂರನೇ ವರ್ಷ ಯಾಕೆ ಸತ್ತಿತು ಅನ್ನುವುದಕ್ಕೆ ಉತ್ತರ ಎಷ್ಟೋ ಸಲ ಇಲ್ಲಿರುತ್ತದೆ. ಅದಕ್ಕೇ ಒಂದೇ ಸಲ ಪಿಎಚ್ ನೋಡಿ ಸುಮ್ಮನಾಗಬೇಡಿ. ಮುಂದೆ ಎಷ್ಟು ಆಮ್ಲ ಹುಟ್ಟಬಹುದು ಅನ್ನುವ ಪರೀಕ್ಷೆ ಮಾಡಿಸಿ.

ಈಗ ಮುಖ್ಯವಾದ ಮಾತು. ಸತು, ತಾಮ್ರ, ಸೀಸ, ನಿಕಲ್, ಇವು ಹುಳಿ ಮಣ್ಣಿನಲ್ಲಿ ಕರಗುತ್ತವೆ. ಸುಣ್ಣ ಹಾಕಿದರೆ ಕಟ್ಟಿಕೊಳ್ಳುತ್ತವೆ. ಆರ್ಸೆನಿಕ್ ಹಾಗಲ್ಲ. ಸುಣ್ಣ ಜಾಸ್ತಿಯಾಗಿ ಪಿಎಚ್ ಏರಿದರೆ ಅದು ಹಿಡಿತ ಬಿಟ್ಟು ನೀರಿಗೆ ಇಳಿಯಬಹುದು. ಡಿಎಪಿ, ಸೂಪರ್ ಫಾಸ್ಫೇಟ್‌ನಂಥ ರಂಜಕದ ಗೊಬ್ಬರ ಜಾಸ್ತಿ ಹಾಕಿದರೂ ಅಷ್ಟೇ. ರಂಜಕವೂ ಆರ್ಸೆನಿಕ್ಕೂ ಮಣ್ಣಿನ ಕಣದ ಮೇಲೆ ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ರಂಜಕ ಕೂತರೆ ಆರ್ಸೆನಿಕ್ ಎದ್ದು ಬರುತ್ತದೆ. ಒಂದು ಲೋಹಕ್ಕೆ ಮದ್ದಾದದ್ದು ಇನ್ನೊಂದನ್ನು ಊರ ಬಾವಿಗೆ ಅಟ್ಟಬಹುದು ಅಂದಮೇಲೆ, ಯಾವ ಲೋಹ ಅಂತ ತಿಳಿಯದೆ ಏನನ್ನೂ ಸುರಿಯಬಾರದು ಅಲ್ವಾ?

ಆರ್ಸೆನಿಕ್ಕನ್ನು ಚೆನ್ನಾಗಿ ಹಿಡಿಯುವುದು ಕಬ್ಬಿಣದ ಆಕ್ಸೈಡ್. ನಮ್ಮ ಸಂಡೂರಿನಲ್ಲಿ ರಂಜಕ ಕಟ್ಟಿಹಾಕಿ ಕಾಡುವ ಗುಣವೇ ಅಲ್ಲಿ ಉಪಕಾರಿ. ಆದರೆ ನೀರು ನಿಂತು ಗಾಳಿಯಾಡದ ಕಡೆ ಆ ಕಬ್ಬಿಣವೂ ಕರಗಿ ಆರ್ಸೆನಿಕ್ ಬಿಟ್ಟುಬಿಡುತ್ತದೆ. ಆದ್ದರಿಂದ ಟೈಲಿಂಗ್ಸ್ ಮೇಲೆ ನೀರು ನಿಲ್ಲಬಾರದು. ಮೇಲೆ ದಪ್ಪಗೆ ಒಳ್ಳೆ ಮಣ್ಣು ಹಾಸಿ, ಗರಿಕೆ, ಲಾವಂಚದಂಥ ಹುಲ್ಲಿನಿಂದ ಮೈ ಮುಚ್ಚುವುದೇ ಗುರಿ. ಟೈಲಿಂಗ್ಸ್ ತಡೆದು ನಿಲ್ಲಿಸಿರುವ ಕಟ್ಟೆಯ ಮೇಲೆ ಮರ ಬೇಡ. ಆಳದ ಬೇರು ಕೊಳೆತ ದಾರಿಯಲ್ಲಿ ನೀರು ನುಗ್ಗುತ್ತದೆ. ಕಾರಣ ಹುಡುಕಲು ಹೋಗುವವರೂ ಅನುಮತಿ ಪಡೆದು, ಮಾಸ್ಕ್ ಹಾಕಿಕೊಂಡೇ ಹೋಗಿ. ಹಸಿ ಕೆಸರಿನ ಮೇಲೆ ಕಾಲಿಡಬೇಡಿ, ಮೇಲೆ ಗಟ್ಟಿ ಕಂಡರೂ ಹೂತುಹೋಗುತ್ತದೆ.

ಆರ್ಸೆನಿಕ್ ಹೀರುವ ಜರಿಗಿಡ ನೆಟ್ಟರೆ ಆಗದೇ ಅಂತ ಕೆಲವರು ಕೇಳುತ್ತಾರೆ. ಪ್ಟೆರಿಸ್ ವಿಟಾಟಾ ಎಂಬ ಜರಿಗಿಡಕ್ಕೆ ಆ ಗುಣ ಇರುವುದು 2001ರಲ್ಲಿ ಪ್ರಕಟವಾದದ್ದು ನಿಜ. ಆದರೆ ಅದಕ್ಕೆ ತೇವ ಬೇಕು. ರಾಯಚೂರಿನ ಒಣ ಬೇಸಿಗೆಯಲ್ಲಿ ನೀರಿಲ್ಲದೆ ಬಿಟ್ಟರೆ ಉಳಿಯುವುದು ಕಷ್ಟ. ಉಳಿದರೂ ಕೊಯ್ದ ಸೊಪ್ಪು ವಿಷದ ಕಸ, ಅದನ್ನೆಲ್ಲಿ ಹಾಕುತ್ತೀರಿ? ಲೋಹ ಇದ್ದಲ್ಲೇ ಇರಲಿ, ಧೂಳಿನಲ್ಲಿ ಏಳದಿರಲಿ, ಹಳ್ಳಕ್ಕೆ ಇಳಿಯದಿರಲಿ, ಅಷ್ಟು ಸಾಧಿಸಿದರೆ ದೊಡ್ಡದು.

ಇಂಥ ಜಾಗದಲ್ಲಿ ಹುಣಸೆ, ಸೀತಾಫಲ, ಬಾರೆ ನೆಡಬೇಡಿ. ಮೇವಿನ ಗಿಡವೂ ಬೇಡ. ಹಸಿರು ಕಂಡರೆ ಕುರಿ, ಮೇಕೆ ಬಂದೇ ಬರುತ್ತವೆ. ಕುರಿ ಕಾಯುವ ಅಜ್ಜನಿಗೆ "ಈ ಕಡೆ ಬಿಡಬೇಡ ಯಜ್ಜಾ" ಅಂದರೆ ಸಾಲದು. ಯಾಕೆ ಅಂತ ಕೂತು ಹೇಳಬೇಕು, ಬೇಲಿಯೂ ಹಾಕಬೇಕು.

ಲ್ಯಾಬಿಗೆ ಕೊಡುವಾಗ

ಬೋಳು ಜಾಗದ ಮಾದರಿ ಬೇರೆ, ಹಸಿರು ಜಾಗದ್ದು ಬೇರೆ, ಪಕ್ಕದ ಕಾಡಿನದು ಬೇರೆ. ಮೂರನ್ನೂ ಕಲಸಿ ಒಂದೇ ಚೀಲದಲ್ಲಿ ಕೊಟ್ಟರೆ ವರದಿಯಿಂದ ಏನೂ ತಿಳಿಯುವುದಿಲ್ಲ. ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಪಿಎಚ್, ಉಪ್ಪು, ಸಾವಯವ ಇಂಗಾಲ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಸಿಗುತ್ತವೆ. ಆರ್ಸೆನಿಕ್, ಸೀಸ, ನಿಕಲ್ ಅದರಲ್ಲಿ ಇಲ್ಲ. ಬೇಕು ಅಂತ ಬಾಯಿಬಿಟ್ಟು ಕೇಳಬೇಕು. ಒಟ್ಟು ಲೋಹ ಎಷ್ಟು, ಗಿಡಕ್ಕೆ ಸಿಗುವುದು ಎಷ್ಟು, ಎರಡೂ ಬರೆಸಿಕೊಳ್ಳಿ. ಜನರ ಮಾತಿನ ಜೊತೆ, ಕೆಂಪು ಡಂಪಿನ ಒಟ್ಟು ಕಬ್ಬಿಣದ ಅಂಕಿ ನೋಡಿ ಗಾಬರಿಯಾದದ್ದೂ ನಾವು ಸುಣ್ಣ ಹಾಕಲು ಕಾರಣ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಬಳ್ಳಾರಿಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರದಂಥ ಕಡೆ ವಿಜ್ಞಾನಿಗಳನ್ನು ಕಂಡು, ಅಗೆದ ಬೇರಿನ ಫೋಟೋ ತೋರಿಸಿ ಮಾತಾಡಿ. ಬರೀ ಅಂಕಿಗಿಂತ ಅದರಿಂದ ಜಾಸ್ತಿ ತಿಳಿಯುತ್ತದೆ.

ಮತ್ತೆ ನೆಡುವಾಗ

ಬಳ್ಳಾರಿ ಸೀಮೆಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಜೂನ್ ಮೊದಲ ಮಳೆಗೇ ಸಸಿ ನೆಟ್ಟರೆ ಜುಲೈ ಗಾಳಿ, ನಡುವಿನ ಒಣ ದಿನಗಳು ಅರ್ಧ ಸಸಿ ತಿನ್ನುತ್ತವೆ. ನಾವು ಈಗ ಜೂನ್‌ನಲ್ಲಿ ಹುಲ್ಲಿನ ಬೀಜ, ಹುರುಳಿ, ಸೆಣಬು ಎರಚುತ್ತೇವೆ. ಅವು ಮೈ ಮುಚ್ಚಿ ನೆಲ ತಂಪಾದ ಮೇಲೆ ಆಗಸ್ಟ್ ಕೊನೆಗೆ ಸಸಿ ಇಡುತ್ತೇವೆ. ತಂಗಡಿ, ಬಂದರಿಕೆ ಮೊದಲು, ಕಮರ, ಹೊಂಗೆ, ಬೇವು ಅವುಗಳ ಮರೆಯಲ್ಲಿ. ಬಳ್ಳಾರಿ ಜಾಲಿ ಸುಲಭವಾಗಿ ಬರುತ್ತದೆ ಅಂತ ಹಾಕಬೇಡಿ. ಡಂಪ್ ದಾಟಿ ರೈತರ ಹೊಲಕ್ಕೆ ಇಳಿದರೆ ಅದನ್ನು ಯಾರೂ ತೆಗೆಯಲಾರರು.

ಸೀಳಿದ ಪಟ್ಟಿಯಲ್ಲಿ ನೆಟ್ಟ ಗಿಡಗಳು ಎರಡು ಬೇಸಿಗೆ ಕಳೆದಿವೆ. ಮೊನ್ನೆ ಏಪ್ರಿಲ್‌ನಲ್ಲಿ ಅದೇ ಅಕ್ಕನನ್ನು ಕರೆದುಕೊಂಡು ಹೋಗಿ ಒಂದು ಕಮರದ ಪಕ್ಕ ಅಗೆದೆವು. ಎರಡು ಅಡಿ ದಾಟಿತು, ಬೇರು ನೇರವಾಗಿ ಇಳಿಯುತ್ತಲೇ ಇತ್ತು. ಮೂರು ಅಡಿಗೆ ಬಂದರೂ ತುದಿ ಸಿಗಲಿಲ್ಲ. "ಸಾಕು ಮುಚ್ಚಣ್ಣ, ಅದಕ್ಕ ಬಿಸಲು ಹತ್ತೀತು" ಅಂದರು ಅಕ್ಕ. ಮಣ್ಣು ಎಳೆದು ಮುಚ್ಚಿ, ಒಂದು ಕೊಡ ನೀರು ಹಾಕಿ ಬಂದೆವು.